ವಿಎಸ್‌ಎಂ ಅಂದ್ರೆ ಯಾವ ಯುದ್ಧದ್ದು ಅಂತ ಕೇಳೋರಿಗೆ

ಪ್ರತಿ ವರ್ಷ ರಿಪಬ್ಲಿಕ್ ಡೇ ಹಿಂದಿನ ಸಾಯಂಕಾಲ ರಾಷ್ಟ್ರಪತಿಗಳು ಒಪ್ಪಿದ ಸೇನಾ ಪದಕಗಳ ಪಟ್ಟಿ ಹೊರಗೆ ಬರುತ್ತೆ. ಮೇಲ್ಗಡೆ ಕೀರ್ತಿ ಚಕ್ರ, ಶೌರ್ಯ ಚಕ್ರ ಅಂತ ಶೌರ್ಯ ಪದಕಗಳು, ಅದರ ಜೊತೆ ಆ ಸೈನಿಕ ಯಾವ ರಾತ್ರಿ ಎಲ್ಲಿ ಏನು ಮಾಡಿದ ಅನ್ನೋ ಸಿಟೇಶನ್, ಓದ್ತಾ ಓದ್ತಾ ಗಂಟಲು ಕಟ್ಟುತ್ತೆ. ಹಾಗೇ ಕೆಳಗೆ ಬಂದ್ರೆ ಸೇವೆಗೆ ಕೊಡೋ ಪದಕಗಳು, ಪರಮ ವಿಶಿಷ್ಟ ಸೇವಾ ಮೆಡಲ್ (ಪಿವಿಎಸ್‌ಎಂ), ಅತಿ ವಿಶಿಷ್ಟ ಸೇವಾ ಮೆಡಲ್, ವಿಶಿಷ್ಟ ಸೇವಾ ಮೆಡಲ್ (ವಿಎಸ್‌ಎಂ). ಇಲ್ಲಿ ಬರೀ ರ‍್ಯಾಂಕು, ಹೆಸರು, ಯಾವ ರೆಜಿಮೆಂಟು ಅಷ್ಟೇ. ಯಾಕೆ ಕೊಟ್ರು ಅಂತ ಒಂದು ಸಾಲೂ ಇರಲ್ಲ. ಪೇಪರ್‌ನೋರು ಆ ಭಾಗವನ್ನ ಹಾಕೋದೇ ಇಲ್ಲ, ಹಾಕಿದ್ರೂ "ಕರ್ನಾಟಕದ ಇಷ್ಟು ಜನಕ್ಕೆ" ಅಂತ ಮುಗಿಸ್ತಾರೆ.

ನಾನು ಈ ಕೆಳಗಿನ ಪಟ್ಟಿ ಬಗ್ಗೆನೇ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಿದ್ದೆ. ನಮ್ಮ ಚಿಕ್ಕಪ್ಪ ಇನ್ಫೆಂಟ್ರಿ ಆಫೀಸರ್, ಕರ್ನಲ್ ಆಗಿ ರಿಟೈರ್ ಆದೋರು, ಹೆಸರಿನ ಮುಂದೆ ವಿಎಸ್‌ಎಂ ಅಂತ ಬರ್ಕೋಬಹುದು. ಮದುವೆ ಮನೆ, ಗೃಹಪ್ರವೇಶ ಎಲ್ಲೇ ಹೋದ್ರೂ ಯಾರೋ ಒಬ್ರು ಕೇಳೇ ಕೇಳ್ತಾರೆ, "ಸಾರ್ ಮೆಡಲ್ ಯಾವ ಯುದ್ಧದ್ದು?" ಅಂತ. ಅವರು "ಯುದ್ಧದ್ದಲ್ಲ, ಸ್ಟಾಫ್ ಕೆಲಸದ್ದು" ಅಂತಾರೆ. ಕೇಳಿದೋರ ಮುಖದಲ್ಲಿ ಉತ್ಸಾಹ ಅಲ್ಲಿಗೇ ಇಳಿದುಹೋಗುತ್ತೆ. ಆಫೀಸಲ್ಲಿ ಕೂತು ಫೈಲ್ ನೋಡಿದ್ದಕ್ಕೆ ಮೆಡಲ್ಲಾ ಅನ್ನೋ ಪ್ರಶ್ನೆ ಬಾಯಿಗೆ ಬರ್ದೇ ಇದ್ರೂ ಕಣ್ಣಲ್ಲಿ ಕಾಣುತ್ತೆ. ನನಗೆ ಇದು ನೋವಾಗೋ ವಿಷಯ, ಸುಳ್ಳು ಹೇಳಲ್ಲ.

ಮೊದಲು ಸ್ಟಾಫ್ ಅಂದ್ರೆ ಏನು ಅಂತ ನೋಡೋಣ. ಆರ್ಮಿಯಲ್ಲಿ ಒಬ್ಬ ಆಫೀಸರ್ ಜೀವನ ಎರಡು ದಾರಿಯಲ್ಲಿ ಸಾಗುತ್ತೆ, ಒಂದು ಕಮಾಂಡ್, ಅಂದ್ರೆ ಪ್ಲಟೂನ್, ಕಂಪನಿ, ಬೆಟಾಲಿಯನ್ ಹೀಗೆ ಜನರನ್ನ ನಡೆಸೋದು, ಇನ್ನೊಂದು ಸ್ಟಾಫ್, ಅಂದ್ರೆ ಕಮಾಂಡರ್ ನಿರ್ಧಾರ ತಗೊಳ್ಳೋಕೆ ಏನೇನು ಬೇಕೋ ಅದನ್ನ ತಯಾರು ಮಾಡಿ ಕೊಟ್ಟು, ಅವರು ನಿರ್ಧಾರ ಮಾಡಿದ ಮೇಲೆ ಅದು ನೆಲದ ಮೇಲೆ ನಡೆಯೋ ಹಾಗೆ ನೋಡ್ಕೊಳ್ಳೋದು. ಒಂದು ಬ್ರಿಗೇಡ್ ಹೆಡ್‌ಕ್ವಾರ್ಟರ್ಸ್ ತಗೊಂಡ್ರೆ ಬ್ರಿಗೇಡ್ ಮೇಜರ್ ಅಂತ ಒಬ್ರು, ಬಿಎಂ ಅಂತಾರೆ, ಆಪರೇಶನ್ಸ್ ಪೂರ್ತಿ ಅವರ ತಲೆ ಮೇಲೆ. ಇನ್ನೊಬ್ರು ಡಿಕ್ಯು, ಇವರದ್ದು ಜನ, ರೇಷನ್, ಗಾಡಿ, ಮದ್ದುಗುಂಡು, ಬಟ್ಟೆ, ಎಣ್ಣೆ, ಎಲ್ಲ. ಇದಕ್ಕೆಲ್ಲ ಟ್ರೇನಿಂಗ್ ಕೊಡೋದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರೋ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜ್. ಎಂಟ್ರೆನ್ಸ್ ಪರೀಕ್ಷೆ ಬರೆದು ಪಾಸಾದ್ರೇನೇ ಅಲ್ಲಿಗೆ ಹೋಗೋದು, ಮೇಜರ್‌ಗಳು ಅದಕ್ಕೆ ಓದೋದನ್ನ ನೋಡಿದ್ರೆ ಪಿಯುಸಿ ಮಕ್ಕಳೇ ವಾಸಿ ಅನ್ನಿಸುತ್ತೆ. ದೇಶ ಭಾಗ ಆಗೋ ಮುಂಚೆ ಈ ಕಾಲೇಜ್ ಕ್ವೆಟ್ಟಾದಲ್ಲಿ ಇತ್ತು. ಅಲ್ಲಿಗೆ ಕೋರ್ಸ್‌ಗೆ ಹೋದ ಮೊದಲ ಭಾರತೀಯ ಆಫೀಸರ್ ನಮ್ಮ ಕೊಡಗಿನ ಕಾರಿಯಪ್ಪನವರು, 1933ರಲ್ಲಿ.

ಕಾರಿಯಪ್ಪ ಅಂದ ತಕ್ಷಣ ಎಲ್ಲರಿಗೂ 1949ರ ಜನವರಿ 15 ನೆನಪಾಗುತ್ತೆ, ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆದ ದಿನ, ಅದನ್ನೇ ಆರ್ಮಿ ಡೇ ಅಂತ ಆಚರಿಸ್ತೀವಿ. ಆದ್ರೆ ಎರಡನೇ ಮಹಾಯುದ್ಧದ ಟೈಮಲ್ಲಿ ಅವರು 10ನೇ ಇಂಡಿಯನ್ ಡಿವಿಷನ್ ಜೊತೆ ಇರಾಕ್, ಸಿರಿಯಾ, ಇರಾನ್ ಕಡೆ ಮಾಡಿದ್ದು ಸ್ಟಾಫ್ ಕೆಲಸಾನೇ. ಮರಳುಗಾಡಲ್ಲಿ ಒಂದು ಡಿವಿಷನ್‌ಗೆ ನೀರು, ಪೆಟ್ರೋಲು, ರೊಟ್ಟಿ ತಲುಪಿಸೋ ಲೆಕ್ಕ. ಮುಂದೆ ಅಮೆರಿಕದ ಪ್ರೆಸಿಡೆಂಟ್ ಟ್ರೂಮನ್ ಕಾರಿಯಪ್ಪನವರಿಗೆ ಲೀಜನ್ ಆಫ್ ಮೆರಿಟ್ ಅನ್ನೋ ಪದಕ ಕೊಟ್ರು, ಅದರಲ್ಲಿ ಚೀಫ್ ಕಮಾಂಡರ್ ಅನ್ನೋ ದರ್ಜೆ. ಈ ಲೀಜನ್ ಆಫ್ ಮೆರಿಟ್‌ನ ಅಮೆರಿಕದೋರು 1942ರಲ್ಲಿ ಶುರು ಮಾಡಿದ್ದು, ಶೌರ್ಯಕ್ಕಲ್ಲ, ಅಸಾಧಾರಣ ಸೇವೆಗೆ. ವಿದೇಶಿ ಆಫೀಸರ್‌ಗಳಿಗೆ ಕೊಡುವಾಗ ನಾಲ್ಕು ದರ್ಜೆ ಇದೆ, ಚೀಫ್ ಕಮಾಂಡರ್ ಅದರಲ್ಲಿ ಎಲ್ಲಕ್ಕಿಂತ ಮೇಲಿನದು. ಅವರ ಸ್ವಂತ ಸೈನ್ಯದೋರಿಗೆ ಮಾತ್ರ ದರ್ಜೆ ಇಲ್ಲ, ಎಲ್ಲರಿಗೂ ಒಂದೇ.

ಈಗ ನಮ್ಮ ದೇಶದ ಪದಕಗಳಿಗೆ ಬರೋಣ. ಪರಮವೀರ, ಮಹಾವೀರ, ವೀರ ಚಕ್ರ ಮೂರೂ 1950ರ ಜನವರಿ 26ಕ್ಕೇ ಬಂದ್ವು, 1947ರ ಆಗಸ್ಟ್ 15ರಿಂದಲೇ ಲೆಕ್ಕಕ್ಕೆ ಬರೋ ಹಾಗೆ ಮಾಡಿದ್ರು. ಸೇವೆಗೆ ಅಂತ ಪದಕ ಬರೋಕೆ ಇನ್ನೂ ಹತ್ತು ವರ್ಷ ಹಿಡೀತು. 1960ರ ಜನವರಿ 26ರಂದು ವಿಶಿಷ್ಟ ಸೇವಾ ಮೆಡಲ್ ಅಂತ ಮೂರು ಕ್ಲಾಸಲ್ಲಿ ಶುರು ಮಾಡಿದ್ರು, 1967ರಲ್ಲಿ ಕ್ಲಾಸ್ ಒನ್ನು, ಟೂ ಅನ್ನೋದು ಬಿಟ್ಟು ಪರಮ, ಅತಿ ಅಂತ ಈಗಿನ ಹೆಸರು ಇಟ್ರು.

ಈ ಹತ್ತು ವರ್ಷದ ಗ್ಯಾಪಲ್ಲಿ ಏನಾಯ್ತು ಅನ್ನೋದಕ್ಕೆ ನಮ್ಮ ಇನ್ನೊಬ್ಬ ಕೊಡಗಿನ ಜನರಲ್ ತಿಮ್ಮಯ್ಯನವರೇ ಉದಾಹರಣೆ. ಕೊರಿಯಾ ಯುದ್ಧ ನಿಂತ ಮೇಲೆ ವಾಪಸ್ ಊರಿಗೆ ಹೋಗಲ್ಲ ಅಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಕಥೆ ಏನು ಅಂತ ಇತ್ಯರ್ಥ ಮಾಡೋಕೆ ಒಂದು ತಟಸ್ಥ ದೇಶಗಳ ಆಯೋಗ ಮಾಡಿದ್ರು, 1953-54ರಲ್ಲಿ ಅದರ ಅಧ್ಯಕ್ಷರಾಗಿದ್ದೋರು ತಿಮ್ಮಯ್ಯನವರು. ಬರ್ಮಾದಲ್ಲಿ ಜಪಾನಿಯರ ಎದುರು ಹೋರಾಡಿ ಬ್ರಿಟಿಷರ ಯುದ್ಧ ಪದಕ ಡಿಎಸ್‌ಒ ತಗೊಂಡ ಮನುಷ್ಯ, ಅಲ್ಲಿ ಹೋಗಿ ಚೀನಾದೋರು, ಉತ್ತರ ಕೊರಿಯಾದೋರು, ಅಮೆರಿಕದೋರು ಎಲ್ಲರ ಕೋಪವನ್ನೂ ನುಂಗ್ಕೊಂಡು ಮಾತುಕತೆಯಿಂದಲೇ ಕೆಲಸ ನಡೆಸಬೇಕಾಯ್ತು. ಈ ಸೇವೆಗೆ ಕೊಡೋಕೆ ಸೈನ್ಯದ್ದೇ ಅಂತ ಒಂದು ಪದಕ ಆಗ ಇರಲಿಲ್ಲ. 1954ರಲ್ಲಿ ಅವರಿಗೆ ಪದ್ಮಭೂಷಣ ಬಂತು, ನಾಗರಿಕ ಗೌರವ.

ಇನ್ನೂ ಹಿಂದಕ್ಕೆ ಹೋದ್ರೆ 1947ರ ಅಕ್ಟೋಬರ್ 27. ಶ್ರೀನಗರಕ್ಕೆ ಡಕೋಟಾ ವಿಮಾನಗಳಲ್ಲಿ 1 ಸಿಖ್ ಬೆಟಾಲಿಯನ್ ಇಳಿದ ದಿನ, ಲೆಫ್ಟಿನೆಂಟ್ ಕರ್ನಲ್ ರಂಜಿತ್ ರಾಯ್ ಅದನ್ನ ನಡೆಸ್ತಿದ್ರು, ಬಾರಾಮುಲ್ಲಾ ದಾರಿಯಲ್ಲಿ ಪ್ರಾಣ ಕೊಟ್ರು, ಮರಣೋತ್ತರ ಮಹಾವೀರ ಚಕ್ರ ಬಂತು. ಅದಕ್ಕೆ ಯಾರೂ ಎರಡು ಮಾತು ಆಡೋ ಹಾಗಿಲ್ಲ. ಆದ್ರೆ ಆ ವಿಮಾನಗಳು ಎದ್ದಿದ್ದು ಹೇಗೆ? ದೆಹಲಿಯ ಹೆಡ್‌ಕ್ವಾರ್ಟರ್ಸಲ್ಲಿ ಮೇಜರ್ ಎಸ್.ಕೆ. ಸಿನ್ಹಾ ಅಂತ ಚಿಕ್ಕ ವಯಸ್ಸಿನ ಸ್ಟಾಫ್ ಆಫೀಸರ್, ಮುಂದೆ ಲೆಫ್ಟಿನೆಂಟ್ ಜನರಲ್ ಆದ್ರು, ಪಿವಿಎಸ್‌ಎಂ ಕೂಡ ಬಂತು. ಯಾವ ಪ್ಲೇನಲ್ಲಿ ಎಷ್ಟು ಜನ, ಎಷ್ಟು ಗುಂಡು, ಯಾರು ಮೊದಲು ಯಾರು ಆಮೇಲೆ ಅನ್ನೋದನ್ನ ಕಾಶ್ಮೀರ ಭಾರತಕ್ಕೆ ಸೇರಿದ ಬೆನ್ನಲ್ಲೇ ಕೆಲವೇ ಗಂಟೆಯಲ್ಲಿ ಕೂರಿಸಬೇಕಿತ್ತು, ಮಿಲಿಟರಿ ವಿಮಾನ ಸಾಲದೆ ಖಾಸಗಿ ಏರ್‌ಲೈನ್ ಕಂಪನಿಗಳ ವಿಮಾನಗಳನ್ನೂ ತಗೊಂಡಿದ್ರು. ಆ ಏರ್‌ಲಿಫ್ಟ್ ಓಡಿಸೋ ಹೊಣೆ ಅವರ ಮೇಲಿತ್ತು. ಅರ್ಧ ದಿನ ತಡ ಆಗಿದ್ರೆ ಶ್ರೀನಗರದ ಏರ್‌ಫೀಲ್ಡೇ ಕೈತಪ್ಪಿ ಹೋಗ್ತಿತ್ತೇನೋ.

ನಮ್ಮ ಚಿಕ್ಕಪ್ಪನ ಕೆಲಸ ಇಷ್ಟು ದೊಡ್ಡ ಚರಿತ್ರೆ ಏನಲ್ಲ. ಆದ್ರೂ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸ್ಟಾಫ್ ಕೆಲಸದ ಕಷ್ಟ ದೂರದಿಂದ ಕಾಣಲ್ಲ.

ಮೇಜರ್ ಆಗಿದ್ದಾಗ ಅವರು ಲಡಾಖ್ ಕಡೆ ಒಂದು ಬ್ರಿಗೇಡಲ್ಲಿ ಡಿಕ್ಯು. ಆಗ ಲಡಾಖಿಗೆ ರಸ್ತೆ ದಾರಿ ಅಂದ್ರೆ ಒಂದು ಶ್ರೀನಗರದಿಂದ ಝೋಜಿ ಲಾ ದಾಟಿ, ಇನ್ನೊಂದು ಮನಾಲಿ ಕಡೆಯಿಂದ. ಝೋಜಿ ಲಾ ಹನ್ನೊಂದೂವರೆ ಸಾವಿರ ಅಡಿ ಎತ್ತರ, ಹಿಮ ಬಿದ್ದ ಮೇಲೆ ರಸ್ತೆ ಮುಚ್ಚುತ್ತೆ, ಆಗಿನ ಕಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರ್ತಿತ್ತು. ಅಷ್ಟರೊಳಗೆ ಇಡೀ ಚಳಿಗಾಲಕ್ಕೆ ಬೇಕಾದ್ದೆಲ್ಲ ಮೇಲೆ ಹೋಗಿ ಕೂತಿರಬೇಕು. ಇದಕ್ಕೆ ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಅಂತಾರೆ. ಹೇಳೋಕೆ ಸುಲಭ. ನಾನೊಂದ್ಸಲ "ಚಿಕ್ಕಪ್ಪಾ, ಲಾರಿಗೆ ಲೋಡ್ ಮಾಡಿ ಕಳ್ಸೋದು ತಾನೇ?" ಅಂತ ಕೇಳಿದ್ದಕ್ಕೆ ಅವರು ಪೇಪರ್ ಪೆನ್ ತಗೊಂಡು ಕೂತ್ರು, ಅವತ್ತು ರಾತ್ರಿ ಊಟಕ್ಕೆ ತುಂಬಾ ಲೇಟಾಯ್ತು.

ಸೀಮೆಎಣ್ಣೆ ಒಂದನ್ನೇ ತಗೊಳ್ಳಿ. ಪೋಸ್ಟ್‌ಗಳಲ್ಲಿ ಬುಖಾರಿ, ಅಂದ್ರೆ ಒಳಗೆ ಬೆಚ್ಚಗಿಡೋ ಒಲೆ, ಉರಿಯೋದು ಅದರಲ್ಲಿ, ಅಡುಗೆ ಅದರಲ್ಲಿ, ಕುಡಿಯೋ ನೀರೂ ಹಿಮ ಕರಗಿಸಿಯೇ ಆಗಬೇಕಾದ್ರಿಂದ ಅದಕ್ಕೂ ಅದೇ. ಒಂದು ಪೋಸ್ಟಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಗಂಟೆ ಉರಿಯುತ್ತೆ, ರಸ್ತೆ ಮುಚ್ಚಿ ತೆರೆಯೋ ತನಕ ಎಷ್ಟು ದಿನ, ತೆರೆಯೋದು ತಡ ಆದ್ರೆ ಕೈಲಿ ಎಷ್ಟು ಹೆಚ್ಚಿಗೆ ಇರಬೇಕು. ಅದು ಲಾರಿಯಲ್ಲಿ ಬರೋದು ರಸ್ತೆ ಇರೋ ತನಕ, ಅಲ್ಲಿಂದ ಮೇಲೆ ಜೆರಿಕ್ಯಾನಲ್ಲಿ ಹೇಸರಗತ್ತೆ ಬೆನ್ನ ಮೇಲೆ, ಹೇಸರಗತ್ತೆಗೂ ಹೋಗೋಕಾಗದ ಕಡೆ ಪೋರ್ಟರ್‌ಗಳ ಬೆನ್ನ ಮೇಲೆ. ಹೇಸರಗತ್ತೆ ತಿನ್ನೋ ದಾಣಿನೂ ಕೆಳಗಿಂದಲೇ ಬರಬೇಕು, ಲಾರಿಗೆ ಬೇಕಾದ ಡೀಸೆಲ್ಲೂ ಕೆಳಗಿಂದಲೇ. ಹೆಲಿಕಾಪ್ಟರ್ ಇದೆಯಲ್ಲ ಅಂದ್ರೆ, ಮೇಲೆ ಹೋದಷ್ಟೂ ಗಾಳಿ ತೆಳು, ಅದು ಹೊರೋ ಭಾರ ಕಮ್ಮಿ ಆಗ್ತಾ ಹೋಗುತ್ತೆ, ಅದನ್ನ ಕಾಯಿಲೆ ಬಿದ್ದೋರನ್ನ ಇಳಿಸೋಕೆ ಇಟ್ಕೋಬೇಕು. ಈ ಒಂದು ಲೆಕ್ಕ ತಪ್ಪಿದ್ರೆ ಫೆಬ್ರವರಿಯಲ್ಲಿ ಯಾವುದೋ ಒಂದು ಬಂಕರಲ್ಲಿ ಬುಖಾರಿ ಆರುತ್ತೆ.

ಆಮೇಲೆ ಬೂಟು. ಇದು ನನಗೆ ತುಂಬಾ ಹಿಡಿಸಿದ ವಿಷಯ. ಪ್ರತಿ ಬೆಟಾಲಿಯನ್ನೂ ತಮ್ಮ ಜನರ ಬೂಟು, ಜಾಕೆಟ್ಟು, ಗ್ಲೌಸ್‌ಗೆ ಸೈಜ್ ರೋಲ್ ಅಂತ ಪಟ್ಟಿ ಕೊಡುತ್ತೆ. ಬೇಸಿಗೆಯಲ್ಲಿ ಒಂದು ಬೆಟಾಲಿಯನ್ ಇಳಿದು ಇನ್ನೊಂದು ಮೇಲೆ ಬಂತು ಅಂದ್ರೆ ಪಟ್ಟಿ ಪೂರ್ತಿ ಬದಲು, ಒಂದು ಕಡೆಯ ಜನರ ಪಾದ ದೊಡ್ಡದು, ಇನ್ನೊಂದು ಕಡೆಯವರದ್ದು ಚಿಕ್ಕದು. ಹಳೇ ಪಟ್ಟಿ ಪ್ರಕಾರ ಇಂಡೆಂಟ್, ಅಂದ್ರೆ ಸಾಮಾನಿನ ಬೇಡಿಕೆ, ಹೋಗಿದ್ರೆ ನವೆಂಬರಲ್ಲಿ ಸ್ಟೋರ್ ತುಂಬಾ ಬೂಟಿರುತ್ತೆ, ಕಾಲಿಗೆ ಆಗೋದು ಇರಲ್ಲ. ಬಿಗಿಯಾದ ಬೂಟು ಹಾಕ್ಕೊಂಡು ಹಿಮದಲ್ಲಿ ಡ್ಯೂಟಿ ಮಾಡಿದ್ರೆ ರಕ್ತ ಓಡಲ್ಲ, ಫ್ರಾಸ್ಟ್‌ಬೈಟ್, ಬೆರಳು ಕತ್ತರಿಸಬೇಕಾಗುತ್ತೆ. ಚಿಕ್ಕಪ್ಪ ಹೊಸ ಬೆಟಾಲಿಯನ್ ಇನ್ನೂ ಹಳೇ ಸ್ಟೇಶನ್ನಲ್ಲಿ ಇರೋವಾಗಲೇ ಅವರ ಕ್ವಾರ್ಟರ್ ಮಾಸ್ಟರ್ ಹಿಂದೆ ಬಿದ್ದು ಸೈಜ್ ರೋಲ್ ತರಿಸ್ಕೊಳ್ತಿದ್ರಂತೆ, ಸಿಗ್ನಲ್ ಮೇಲೆ ಸಿಗ್ನಲ್ಲು. ಆ ಕ್ವಾರ್ಟರ್ ಮಾಸ್ಟರ್‌ಗೆ ಇವರ ಮೇಲೆ ಸಿಟ್ಟೂ ಬಂದಿತ್ತಂತೆ. ಆ ಚಳಿಗಾಲದಲ್ಲಿ ಬೂಟಿನ ಕಾರಣಕ್ಕೆ ಯಾರ ಬೆರಳೂ ಹೋಗಲಿಲ್ಲ ಅಂತ ಚಿಕ್ಕಪ್ಪ ಹೇಳ್ತಾರೆ. ನಡೀದೇ ಇದ್ದ ಅನಾಹುತಕ್ಕೆ ಫೋಟೋ ಇರಲ್ಲ, ಕಥೆನೂ ಇರಲ್ಲ. ಸ್ಟಾಫ್ ಕೆಲಸ ಚೆನ್ನಾಗಿ ನಡೆದ್ರೆ ಹೊರಗಿನವರಿಗೆ ಏನೂ ಕಾಣಲ್ಲ, ಕೆಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತೆ. ಅಂಥ ಕೆಲಸಕ್ಕೆ ಗೌರವ ಕೊಡ್ಬೇಕು ಅಂದ್ರೆ ಪಕ್ಕದಲ್ಲಿ ನಿಂತು ನೋಡಿದ ಸೀನಿಯರ್ ಬರೆದ್ರೇನೇ ಉಂಟು.

ಆಮೇಲೆ ಅಡ್ವೈಸರಿ ಕೆಲಸ, ಸಲಹೆಗಾರನಾಗಿ ಇರೋದು. ಇದು ಇನ್ನೂ ಕಷ್ಟ ಅಂತ ನನ್ನ ಅಭಿಪ್ರಾಯ. ಭೂತಾನಲ್ಲಿ ನಮ್ಮ ಆರ್ಮಿಯದ್ದು ಇಂಡಿಯನ್ ಮಿಲಿಟರಿ ಟ್ರೇನಿಂಗ್ ಟೀಮ್ ಅಂತ ಇದೆ, ಇಮ್‌ಟ್ರಾಟ್ ಅಂತ ಕರೀತಾರೆ, 60ರ ದಶಕದ ಶುರುವಿನಿಂದ ಇದೆ, ಹೆಡ್‌ಕ್ವಾರ್ಟರ್ಸ್ ಹಾ ಕಣಿವೆಯಲ್ಲಿ. ರಾಯಲ್ ಭೂತಾನ್ ಆರ್ಮಿಯೋರಿಗೆ ಟ್ರೇನಿಂಗ್ ಕೊಡೋದು ಅದರ ಕೆಲಸ. ಚಿಕ್ಕಪ್ಪ ಅಲ್ಲೂ ಇದ್ರು. "ನೋಡು ಮರಿ, ನಮ್ಮ ಬೆಟಾಲಿಯನ್ನಲ್ಲಿ ನಾನು ಹೇಳಿದ್ರೆ ಆರ್ಡರ್, ಅಲ್ಲಿ ನಾನು ಹೇಳಿದ್ರೆ ಅದು ಮಾತು ಅಷ್ಟೇ, ಒಪ್ಪೋದು ಬಿಡೋದು ಅವರಿಷ್ಟ" ಅಂತಾರೆ. ಬೇರೆ ದೇಶದ ಸೈನ್ಯ, ಅವರದ್ದೇ ರಾಜ, ಅವರದ್ದೇ ಪದ್ಧತಿ, ಅವರ ಸ್ವಾಭಿಮಾನಕ್ಕೆ ಚೂರೂ ಪೆಟ್ಟಾಗಬಾರದು. ಒಳ್ಳೇ ಐಡಿಯಾ ಕೊಟ್ರೆ ಅದು ಅವರದ್ದೇ ಐಡಿಯಾ ಅನ್ನೋ ಹಾಗೆ ಕೊಡ್ಬೇಕು, ಕ್ರೆಡಿಟ್ಟೂ ಅವರಿಗೇ ಹೋಗ್ಬೇಕು. ಹಾಗಿದ್ದ ಮೇಲೆ ಸಿಟೇಶನ್‌ನಲ್ಲಿ ಬರೆಯೋದಾದ್ರೂ ಏನು? "ಇವರು ಇಂಥದ್ದು ಮಾಡಿದ್ರು" ಅಂತ ಬರೆಯೋ ಹಾಗೇ ಇಲ್ಲ.

ವಿಯೆಟ್ನಾಂ ಕಡೆ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಅಮೆರಿಕದ ದೊಡ್ಡ ಸೈನ್ಯ 1965ರಲ್ಲಿ ಬರೋಕೆ ಮುಂಚೆನೇ ಅವರ ಸಾವಿರಾರು ಜನ ಸಲಹೆಗಾರರಾಗಿ ದಕ್ಷಿಣ ವಿಯೆಟ್ನಾಂ ಸೈನ್ಯದ ಜೊತೆ ಇದ್ರು. ಒಬ್ಬ ಅಮೆರಿಕನ್ ಕ್ಯಾಪ್ಟನ್ನೋ ಮೇಜರ್ರೋ ಅಲ್ಲಿನ ಬೆಟಾಲಿಯನ್ ಜೊತೆ ಗದ್ದೆ ಬಯಲಲ್ಲಿ ನಡೀತಿದ್ದ, ಅದೇ ಗುಂಡಿನ ಮಧ್ಯೆ, ಆದ್ರೆ ಒಬ್ಬ ಸಿಪಾಯಿಗೂ ಆರ್ಡರ್ ಕೊಡೋ ಅಧಿಕಾರ ಇಲ್ಲ. ಆ ಯುದ್ಧ ಸರಿನೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದಕ್ಕೆ ನಾನಿಲ್ಲಿ ಹೋಗಲ್ಲ. ನಾನು ಹೇಳೋಕೆ ಹೊರಟಿದ್ದು, ದಕ್ಷಿಣ ವಿಯೆಟ್ನಾಂ ಸರ್ಕಾರ 1964ರಲ್ಲಿ ಸ್ಟಾಫ್ ಸರ್ವಿಸ್ ಮೆಡಲ್ ಅಂತಾನೇ ಒಂದು ಪದಕ ಮಾಡ್ತು ಅನ್ನೋದು. ಸ್ಟಾಫ್ ಕೆಲಸ ಅನ್ನೋದನ್ನ ಹೆಸರಲ್ಲೇ ಇಟ್ರು. ಎರಡು ಕ್ಲಾಸ್, ಒಂದು ಆಫೀಸರ್‌ಗಳಿಗೆ, ಇನ್ನೊಂದು ಅದಕ್ಕಿಂತ ಕೆಳಗಿನ ರ‍್ಯಾಂಕಿನೋರಿಗೆ. ಅಮೆರಿಕದ ಸಲಹೆಗಾರರಿಗೂ ಅದು ಸಿಕ್ಕಿದೆ. ಹವಾಲ್ದಾರ್ ಮಟ್ಟದ ಕ್ಲರ್ಕ್ ಕೂಡ ಸ್ಟಾಫ್ ಕೆಲಸದ ಭಾಗ ಅಂತ ಒಂದು ಪದಕದ ನಿಯಮದಲ್ಲೇ ಬರೆದಿರೋದು ನನಗೆ ತುಂಬಾ ಇಷ್ಟ ಆಯ್ತು.

ಅಮೆರಿಕದೋರ ಬ್ರಾಂಜ್ ಸ್ಟಾರ್ ಕೂಡ ನೋಡಿ, 1944ರದ್ದು. ಒಂದೇ ಪದಕ, ಯುದ್ಧಭೂಮಿಯಲ್ಲಿ ಮಾಡಿದ ಒಳ್ಳೇ ಸೇವೆಗೂ ಕೊಡ್ತಾರೆ, ಶೌರ್ಯಕ್ಕೂ ಕೊಡ್ತಾರೆ, ಶೌರ್ಯಕ್ಕಾದ್ರೆ ರಿಬ್ಬನ್ ಮೇಲೆ ಚಿಕ್ಕದಾಗಿ "ವಿ" ಅಕ್ಷರ ಇರುತ್ತೆ. ನೋಡಿದ ತಕ್ಷಣ ಯಾವುದಕ್ಕೆ ಅಂತ ತಿಳಿಯುತ್ತೆ. ನಮ್ಮ ಸೇನಾ ಮೆಡಲ್‌ನಲ್ಲೂ ಗ್ಯಾಲಂಟ್ರಿ, ಡಿಸ್ಟಿಂಗ್ವಿಶ್ಡ್ ಅಂತ ಎರಡು ಇದೆ, ಕಾಗದದ ಮೇಲೆ ಬೇರೆ ಬೇರೆ ಬರೀತಾರೆ, ಆದ್ರೆ ಸಾಮಾನ್ಯ ಜನಕ್ಕೆ ಈ ವ್ಯತ್ಯಾಸ ಗೊತ್ತೇ ಇಲ್ಲ.

ಶೌರ್ಯಕ್ಕೂ ಸೇವೆಗೂ ಒಂದೇ ಪದಕ ಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟಿಷರ ಡಿಎಸ್‌ಒ ಕಥೆ ಓದಬೇಕು. ಮೊದಲನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಹಿಂದೆ ಹೆಡ್‌ಕ್ವಾರ್ಟರ್ಸಲ್ಲಿದ್ದ ಸ್ಟಾಫ್ ಆಫೀಸರ್‌ಗಳಿಗೂ ಡಿಎಸ್‌ಒ ಹಂಚಿದ್ರು, ಕಂದಕದಲ್ಲಿ ಕೆಸರು, ಇಲಿ, ಶೆಲ್ ಮಧ್ಯೆ ಇದ್ದ ಆಫೀಸರ್‌ಗಳಿಗೆ ಸಿಟ್ಟು ಬಂತು, ಬರೋದು ನ್ಯಾಯಾನೇ. 1917ರ ಜನವರಿ 1ರಿಂದ ಗುಂಡಿನ ದಾಳಿಯ ಎದುರು ಇದ್ದೋರಿಗೆ ಮಾತ್ರ ಡಿಎಸ್‌ಒಗೆ ಶಿಫಾರಸು ಮಾಡಿ ಅಂತ ಆದೇಶ ಹೊರಡಿಸಬೇಕಾಯ್ತು. ಸ್ಟಾಫ್ ಆಫೀಸರ್ ಬಗ್ಗೆ ಸೈನಿಕರ ಮನಸ್ಸಲ್ಲಿರೋ ಆ ಕಹಿ ನೂರು ವರ್ಷ ಆದ್ರೂ ಪೂರ್ತಿ ಹೋಗಿಲ್ಲ.

ಸೇನಾ ಮೆಡಲ್ ಬಿಟ್ರೆ ನಮ್ಮಲ್ಲಿ ಆ ಗೊಂದಲ ಇಲ್ಲ, ಶೌರ್ಯಕ್ಕೆ ಚಕ್ರಗಳು, ಸೇವೆಗೆ ಸೇವಾ ಮೆಡಲ್‌ಗಳು, ಬೇರೆ ಬೇರೆನೇ. 1980ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯುದ್ಧದ ಟೈಮಿನ ವಿಶಿಷ್ಟ ಸೇವೆಗೆ ಅಂತಾನೇ ಸರ್ವೋತ್ತಮ, ಉತ್ತಮ, ಯುದ್ಧ ಸೇವಾ ಮೆಡಲ್ ಅಂತ ಮೂರು ಮಾಡಿದ್ರು. ಅದಕ್ಕೆ ಮುಂಚೆ ಯುದ್ಧದ ಸ್ಟಾಫ್ ಕೆಲಸಕ್ಕೂ ವಿಶಿಷ್ಟ ಸೇವಾ ಸಾಲಿನ ಪದಕಗಳೇ. 1971ರಲ್ಲಿ ಈಸ್ಟರ್ನ್ ಕಮಾಂಡಿನ ಚೀಫ್ ಆಫ್ ಸ್ಟಾಫ್ ಆಗಿದ್ದ ಮೇಜರ್ ಜನರಲ್ ಜೇಕಬ್ ಅವರಿಗೆ ಬಂದಿದ್ದು ಪಿವಿಎಸ್‌ಎಂ. ಆ ಯುದ್ಧಕ್ಕೆ ಮುಂಚೆ ತ್ರಿಪುರಾ ಕಡೆ ಒಂದು ಇಡೀ ಕೋರ್, ಮೂರು ಡಿವಿಷನ್, ಕೂರಿಸಬೇಕಿತ್ತು, ಅಲ್ಲಿಗೆ ಇದ್ದಿದ್ದು ಧರ್ಮನಗರದ ತನಕ ಮೀಟರ್ ಗೇಜ್ ರೈಲು, ಅಲ್ಲಿಂದ ಮುಂದೆ ಮಳೆಗೆ ಕುಸಿಯೋ ಗುಡ್ಡದ ರಸ್ತೆ. ಡಿಸೆಂಬರಲ್ಲಿ ಆ ಕೋರ್ ಮೇಘನಾ ನದಿ ದಾಟಿ ಢಾಕಾ ಕಡೆ ನುಗ್ಗಿತು ಅಂದ್ರೆ ಅದರ ಹಿಂದೆ ತಿಂಗಳುಗಟ್ಟಲೆ ರೈಲು ಲಾರಿ ಲೆಕ್ಕ ಇದೆ. ಡಿಸೆಂಬರ್ 16ರ ಬೆಳಿಗ್ಗೆ ಶರಣಾಗತಿಯ ಕರಡು ಹಿಡ್ಕೊಂಡು ಪಾಕಿಸ್ತಾನದ ಜನರಲ್ ನಿಯಾಜಿ ಹತ್ರ ಮಾತಾಡೋಕೆ ಢಾಕಾಗೆ ಹೋದೋರೂ ಈ ಚೀಫ್ ಆಫ್ ಸ್ಟಾಫೇ. ಆ ಗೆಲುವಲ್ಲಿ ಯಾರ ಪಾಲು ಎಷ್ಟು ಅಂತ ಜಗಳ ಇವತ್ತಿಗೂ ಇದೆ, ಇರಲಿ, ಅಷ್ಟು ದೊಡ್ಡ ಗೆಲುವಲ್ಲಿ ಎಲ್ಲರಿಗೂ ಪಾಲಿದೆ.

ಇತ್ತೀಚಿನದು ಅಂದ್ರೆ ಆಪರೇಶನ್ ಸಿಂದೂರ್. 2025ರ ಆಗಸ್ಟ್‌ನಲ್ಲಿ ಸರ್ವೋತ್ತಮ ಯುದ್ಧ ಸೇವಾ ಮೆಡಲ್ ಪಡೆದೋರಲ್ಲಿ ಲೆಫ್ಟಿನೆಂಟ್ ಜನರಲ್ ರಾಜೀವ್ ಘಾಯ್ ಒಬ್ರು, ಆಗ ಡಿಜಿಎಂಒ, ಅಂದ್ರೆ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ಆಗಿದ್ದೋರು. ಮೇ 10ರಂದು ಪಾಕಿಸ್ತಾನದ ಕಡೆಯಿಂದ ಫೋನ್ ಬಂದಿದ್ದು ಅವರಿಗೇ. ಡಿಜಿಎಂಒ ಅನ್ನೋದು ಅಪ್ಪಟ ಸ್ಟಾಫ್ ಹುದ್ದೆ, ಆ ಹೆಸರು ದೇಶದ ಮನೆಮನೆಗೂ ಗೊತ್ತಾಗಿದ್ದು ನನಗೆ ಖುಷಿ ಕೊಟ್ತು.

ಈಗ ರಿಬ್ಬನ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಎಷ್ಟೋ ಜನ ಕೇಳ್ತಾರೆ. ವಿಶಿಷ್ಟ ಸೇವಾ ಸಾಲಿನ ಮೂರಕ್ಕೂ ರಿಬ್ಬನ್ ಬಂಗಾರದ ಹಳದಿ ಬಣ್ಣ, ಮೇಲೆ ಕಡು ನೀಲಿ ಗೆರೆ. ಪರಮಕ್ಕೆ ಮಧ್ಯದಲ್ಲಿ ಒಂದೇ ಗೆರೆ, ಅತಿಗೆ ಎರಡು, ವಿಶಿಷ್ಟಕ್ಕೆ ಮೂರು. ಗೆರೆ ಕಮ್ಮಿ ಇದ್ದಷ್ಟೂ ಪದಕ ದೊಡ್ಡದು. ಪದಕದ ಒಂದು ಕಡೆ ಐದು ಮೂಲೆಯ ನಕ್ಷತ್ರ, ಹಿಂದೆ ಸಿಂಹಲಾಂಛನ. ಚಿಕ್ಕಪ್ಪಂದು ಕಂಚಿನ ಬಣ್ಣದ್ದು, ಹಿಂದೆ ತಿರುಗಿಸಿ ನೋಡಿದ್ರೆ ಸಿಂಹಗಳ ಮುಖ ಸ್ವಲ್ಪ ಸವೆದಿದೆ, ಚಿಕ್ಕಮ್ಮ ವರ್ಷಾ ವರ್ಷಾ ಬ್ರಾಸೋ ಹಾಕಿ ಉಜ್ಜಿ ಉಜ್ಜಿ ಹಾಗಾಗಿದೆ.

ಇನ್ನು ನನ್ನ ತಕರಾರು. ಪದಕ ಹಾಕ್ಕೊಳ್ಳೋ ಕ್ರಮದಲ್ಲಿ ಪರಮ ವಿಶಿಷ್ಟ ಸೇವಾ ಮೆಡಲ್ ಮಹಾವೀರ ಚಕ್ರಕ್ಕಿಂತ ಮುಂದೆ ಬರುತ್ತೆ. ಅತಿ ವಿಶಿಷ್ಟ ಸೇವಾ ಮೆಡಲ್ ವೀರ ಚಕ್ರಕ್ಕಿಂತ ಮುಂದೆ. ಸ್ಟಾಫ್ ಕೆಲಸದ ಪರವಾಗಿ ಇಷ್ಟೊತ್ತು ಮಾತಾಡಿದ ನನಗೂ ಇದು ಸರಿ ಅನ್ನಿಸಲ್ಲ. ಪ್ರಾಣ ಪಣಕ್ಕಿಟ್ಟೋರ ಪದಕ ಮುಂದೆ ಇರಬೇಕು, ಸೇವೆಯ ಪದಕ ಅದರ ಹಿಂದೆ ನಿಂತ್ರೆ ಅದರ ಬೆಲೆ ಏನೂ ಕಮ್ಮಿ ಆಗಲ್ಲ. ಚಿಕ್ಕಪ್ಪನ ಅಭಿಪ್ರಾಯನೂ ಇದೇ, ನನಗಿಂತ ಖಾರವಾಗಿ ಹೇಳ್ತಾರೆ.

ಅದಕ್ಕಿಂತ ದೊಡ್ಡ ತಕರಾರು ರ‍್ಯಾಂಕ್ ವಿಷಯ. ನಿಯಮದಲ್ಲಿ ಈ ಮೂರೂ ಪದಕ ಎಲ್ಲಾ ರ‍್ಯಾಂಕಿನೋರಿಗೂ ಅಂತಾನೇ ಇದೆ. ನಡೆಯೋದು ಬೇರೆ. ಪರಮ ಅಂದ್ರೆ ಹೆಚ್ಚುಕಮ್ಮಿ ಲೆಫ್ಟಿನೆಂಟ್ ಜನರಲ್ ಮಟ್ಟ, ಅತಿ ಅಂದ್ರೆ ಮೇಜರ್ ಜನರಲ್ ಆಸುಪಾಸು, ವಿಶಿಷ್ಟ ಅಂದ್ರೆ ಬ್ರಿಗೇಡಿಯರ್, ಕರ್ನಲ್, ಎಲ್ಲೋ ಒಬ್ಬಿಬ್ರು ಅದಕ್ಕಿಂತ ಕೆಳಗಿನೋರು. ಪಟ್ಟಿ ತೆಗೆದು ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಸ್ಟಾಫ್ ಕೆಲಸದ ಬೆವರು ಸುರಿಯೋದು ಮೇಜರ್, ಲೆಫ್ಟಿನೆಂಟ್ ಕರ್ನಲ್ ಮಟ್ಟದಲ್ಲಿ, ಅವರ ಕೆಳಗಿನ ಸುಬೇದಾರ್, ಹೆಡ್ ಕ್ಲರ್ಕ್ ಮಟ್ಟದಲ್ಲಿ. ಬೂಟಿನ ಪಟ್ಟಿ ಹಿಂದೆ ಬಿದ್ದ ಮೇಜರ್‌ಗೆ ಆಗ ಸಿಕ್ಕಿದ್ದು ಆರ್ಮಿ ಕಮಾಂಡರ್ ಅವರ ಕಮೆಂಡೇಶನ್ ಕಾರ್ಡ್, ಮೆಡಲ್ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ ಕರ್ನಲ್ ಆಗಿದ್ದಾಗ. ಆ ಲೆಕ್ಕಗಳನ್ನ ರಾತ್ರಿಯೆಲ್ಲಾ ಕೂತು ಟೈಪ್ ಮಾಡಿದ ಹವಾಲ್ದಾರ್ ಕ್ಲರ್ಕ್‌ಗೆ ಅದೂ ಇಲ್ಲ, ಚಿಕ್ಕಪ್ಪ ಅವರ ಹೆಸರು ಕಳಿಸಿದ್ರು, ಎಲ್ಲೋ ನಿಂತುಹೋಯ್ತು. ಈ ಮಾತು ಬಂದಾಗೆಲ್ಲ ಅವರಿಗೆ ಬೇಜಾರಾಗುತ್ತೆ.

ಮೂರನೇದು ನಾನು ಮೊದಲೇ ಹೇಳಿದ್ದು, ಸಿಟೇಶನ್. ಸಿಟೇಶನ್ ಬರೆದೇ ಇರ್ತಾರೆ, ಬರೀದೇ ಪದಕ ಆಗಲ್ಲ. ಕೆಳಗಿನ ಕಮಾಂಡರ್ ಬರೆದು, ಒಂದೊಂದೇ ಹೆಡ್‌ಕ್ವಾರ್ಟರ್ಸ್ ದಾಟಿ, ದೆಹಲಿಗೆ ಹೋಗಿ, ಅಲ್ಲಿ ಕಮಿಟಿ ನೋಡಿ, ರಾಷ್ಟ್ರಪತಿಗಳ ಸಹಿ ಆಗಿ, ಗೆಜೆಟ್‌ನಲ್ಲಿ ಹೆಸರು ಬರುತ್ತೆ. ಪರಮ, ಅತಿ ಆದ್ರೆ ರಾಷ್ಟ್ರಪತಿ ಭವನದಲ್ಲಿ ಪ್ರದಾನ, ವಿಎಸ್‌ಎಂ ಆದ್ರೆ ಆಯಾ ಕಮಾಂಡಿನ ಇನ್ವೆಸ್ಟಿಚರ್ ಪರೇಡಲ್ಲಿ ಆರ್ಮಿ ಕಮಾಂಡರ್ ಕೈಯಿಂದ. ಇಷ್ಟೆಲ್ಲಾ ದಾರಿ ಸವೆಸಿ ಬಂದ ಆ ಬರಹ ಫೈಲಲ್ಲೇ ಉಳಿಯುತ್ತೆ. ಸ್ಟಾಫ್ ಕೆಲಸದಲ್ಲಿ ಗುಟ್ಟು ಇರುತ್ತೆ, ಒಪ್ತೀನಿ. ಸೇನೆ ಎಲ್ಲೆಲ್ಲಿ ಹೇಗೆ ಕೂತಿದೆ ಅಂತ ಹೊರಗೆ ಹೇಳೋಕಾಗಲ್ಲ. ಆದ್ರೆ ಇಪ್ಪತ್ತು ಇಪ್ಪತ್ತೈದು ವರ್ಷ ಆದ ಮೇಲೆ? ಸೀಮೆಎಣ್ಣೆ, ಬೂಟು, ರಸ್ತೆ, ಟ್ರೇನಿಂಗ್ ಸಿಲೆಬಸ್, ಇದರಲ್ಲಿ ಎರಡು ಮೂರು ಸಾಲು ಪ್ರಕಟ ಮಾಡಿದ್ರೆ ಯಾವ ಶತ್ರುವಿಗೂ ಲಾಭ ಇಲ್ಲ, ನಮ್ಮ ಜನಕ್ಕೆ ಮಾತ್ರ ತಮ್ಮ ಸೈನ್ಯ ಹೇಗೆ ನಡೆಯುತ್ತೆ ಅಂತ ಗೊತ್ತಾಗುತ್ತೆ. ವೆಲ್ಲಿಂಗ್ಟನ್‌ಗೆ ಹೋಗ್ಬೇಕು ಅಂತ ಓದ್ತಿರೋ ಕ್ಯಾಪ್ಟನ್‌ಗಳಿಗೆ ಅದಕ್ಕಿಂತ ಒಳ್ಳೇ ಪಾಠ ಇನ್ನೊಂದಿಲ್ಲ.

ಅಲ್ಲೀತನಕ ನಮ್ಮ ಕೈಲಾಗೋದು ಮನೆಯೋರ ಹತ್ರ ಕೇಳಿ ಬರೆದಿಟ್ಕೊಳ್ಳೋದು. ನಾನು ಚಿಕ್ಕಪ್ಪನ ಹತ್ರ ಶುರು ಮಾಡಿದ್ದೀನಿ, ಭಾನುವಾರ ಬೆಳಿಗ್ಗೆ ಕಾಫಿ ಆದ್ಮೇಲೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಆಮೇಲೆ ಟೈಪ್ ಮಾಡ್ತೀನಿ, ಯಾವುದು ಹೊರಗೆ ಹೇಳಬಾರದೋ ಅದನ್ನ ಅವರೇ ಅಲ್ಲೇ ತಡೀತಾರೆ, ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲಡಾಖ್ ಮುಗೀತಾ ಬಂತು, ಮುಂದೆ ಹಾ ಕಣಿವೆ. ಹೊರಗೆ ಹಾಕಬಹುದು ಅಂತ ಅವರು ಒಪ್ಪಿದ ಭಾಗ ಇಲ್ಲೇ ಹಾಕ್ತೀನಿ. ನಿಮ್ಮನೇಲಿ ಅಪ್ಪನೋ ಮಾವನೋ ಅತ್ತೆಯೋ ವಿಎಸ್‌ಎಂ ಇರೋರು, ಅಥವಾ ಹೆಡ್‌ಕ್ವಾರ್ಟರ್ಸಲ್ಲಿ ಕ್ಲರ್ಕ್ ಆಗಿ ಸರ್ವಿಸ್ ಮುಗಿಸಿದ ಹವಾಲ್ದಾರ್ರು, ಸುಬೇದಾರ್ರು ಇದ್ರೆ ಅವರನ್ನೂ ಕೇಳಿ, ಮುಖ್ಯವಾಗಿ ಕ್ಲರ್ಕ್‌ಗಳನ್ನ, ಅವರ ಕಥೆ ಯಾವ ಪಟ್ಟಿಯಲ್ಲೂ ಇಲ್ಲ. ಬರೆದ್ರೆ ನನಗೂ ಒಂದು ಮಾತು ತಿಳಿಸಿ, ಖಂಡಿತ ಓದ್ತೀನಿ.